ಏಳು ದಿನದೊಳಗೆ ಟ್ರಿಮ್ಮರ್ ಪರೀಕ್ಷೆ ಮಾಡೋದು ಹೇಗೆ?

ಪ್ರಶ್ನೆ: ನಾನು ಹಾವೇರಿಯಲ್ಲಿ ಹೈಸ್ಕೂಲ್ ಶಿಕ್ಷಕ. ಮೊನ್ನೆ ಆನ್‌ಲೈನ್‌ನಲ್ಲಿ 1,299 ರೂಪಾಯಿಗೆ ದಾಡಿ ಟ್ರಿಮ್ಮರ್ ತರಿಸಿದ್ದೇನೆ. ಡಬ್ಬಿಯ ಮೇಲೆ ಟೈಟಾನಿಯಂ ಬ್ಲೇಡ್, 90 ನಿಮಿಷ ಬ್ಯಾಟರಿ, 40 ಅಳತೆ, ಐಪಿಎಕ್ಸ್7 ಅಂತೆಲ್ಲ ಬರೆದಿದ್ದಾರೆ. ಪಕ್ಕದ ಮನೆಯವರ ಟ್ರಿಮ್ಮರ್ ಎರಡೇ ತಿಂಗಳಿಗೆ ಕೂದಲು ಜಗ್ಗೋಕೆ ಶುರು ಮಾಡಿತು. ನನ್ನದನ್ನು ವಾಪಸ್ ಕೊಡಲು ಏಳು ದಿನ ಸಮಯವಿದೆ. ಅಷ್ಟರಲ್ಲಿ ಇದು ಬಾಳಿಕೆ ಬರುತ್ತದೋ ಇಲ್ಲವೋ ತಿಳಿಯುವುದು ಹೇಗೆ? ಮನೆಯಲ್ಲಿ 71 ವರ್ಷದ ಅಪ್ಪ ಇದ್ದಾರೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರಿಗೂ ಇದನ್ನೇ ಬಳಸಬಹುದಾ?

ಉತ್ತರ: ಸರ್, ಇನ್ನೂ ದಾಡಿಗೆ ಹಚ್ಚಿಲ್ಲ ತಾನೇ? ಹಚ್ಚಿಲ್ಲದಿದ್ದರೆ ಸ್ವಲ್ಪ ತಡೆಯಿರಿ. ಬಹಳ ಮಂದಿ ಡಬ್ಬಿ ಒಡೆದ ಕೂಡಲೇ ಕನ್ನಡಿ ಮುಂದೆ ನಿಲ್ಲುತ್ತಾರೆ. ಹೊಸ ಬ್ಲೇಡು ಮೊದಲ ದಿನ ಎಲ್ಲರ ಕೂದಲನ್ನೂ ಚೆನ್ನಾಗಿಯೇ ಕತ್ತರಿಸುತ್ತದೆ. 400 ರೂಪಾಯಿಯದೂ ಕತ್ತರಿಸುತ್ತದೆ. ಆಮೇಲೆ ದೋಷ ಕಂಡರೆ, ಹಲ್ಲುಗಳ ನಡುವೆ ಕೂದಲು ಸಿಕ್ಕಿದ ಮಶೀನನ್ನು ವಾಪಸ್ ತಗೊಳ್ಳಲು ಮಾರಿದವರು ತಕರಾರು ತೆಗೆಯುತ್ತಾರೆ. ಹಾಗಾಗಿ ಮುಖಕ್ಕೆ ಮುಟ್ಟಿಸದೆ ಮಾಡಬಹುದಾದ ಪರೀಕ್ಷೆಗಳನ್ನೆಲ್ಲ ಮೊದಲು ಮುಗಿಸಿಕೊಳ್ಳಿ. ಏಳು ದಿನ ಅದಕ್ಕೆ ಧಾರಾಳ ಸಾಕು.

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರದ ಒಂದು ಗಲ್ಲಿಯಲ್ಲಿ ಕೂತು ಸಲೂನಿನ ಮಶೀನು, ಟ್ರಿಮ್ಮರ್ ರಿಪೇರಿ ಮಾಡುವುದು ನನ್ನ ಕೆಲಸ. ಕುಂದಗೋಳ, ಅಣ್ಣಿಗೇರಿ ಕಡೆಯಿಂದಲೂ ಸಲೂನಿನವರು ಮಶೀನು ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ. ಯಾವುದು ಚೆನ್ನಾಗಿ ಓಡುತ್ತದೆ ಅನ್ನುವುದಕ್ಕಿಂತ ಯಾವುದು ಎಲ್ಲಿ ಕೈಕೊಡುತ್ತದೆ ಅನ್ನುವುದು ನನಗೆ ಜಾಸ್ತಿ ಗೊತ್ತು. ಆ ಲೆಕ್ಕದಲ್ಲೇ ಹೇಳುತ್ತೇನೆ.

ಚಾರ್ಜಿಂಗ್‌ನಿಂದ ಶುರು ಮಾಡಿ. ಟ್ರಿಮ್ಮರ್‌ಗೆ ಟೈಪ್-ಸಿ ತೂತು ಇದ್ದರೆ, ಡಬ್ಬಿಯಲ್ಲಿ ಬಂದ ಕೇಬಲ್ಲಿನಿಂದ ಒಮ್ಮೆ ಚಾರ್ಜಿಗೆ ಹಾಕಿ, ದೀಪ ಹತ್ತುತ್ತದಾ ನೋಡಿ. ಆಮೇಲೆ ನಿಮ್ಮ ಮೊಬೈಲಿನ ಹೊಸ ಚಾರ್ಜರ್ ತನ್ನಿ. ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಇರುತ್ತದಲ್ಲ, ಅದರಿಂದ ಹಾಕಿ ನೋಡಿ. ಬಹಳಷ್ಟು ಅಗ್ಗದ ಟ್ರಿಮ್ಮರ್‌ಗಳಲ್ಲಿ ದೀಪವೇ ಹತ್ತುವುದಿಲ್ಲ. ಅದಕ್ಕೆ ಕಾರಣ ಸಣ್ಣದು. ಟೈಪ್-ಸಿ ಚಾರ್ಜರ್ ಕರೆಂಟ್ ಬಿಡುವ ಮೊದಲು ಎದುರಿಗೆ ಯಾರಾದರೂ ಇದ್ದಾರಾ ಅಂತ ನೋಡುತ್ತದೆ. 'ಇದ್ದೇನೆ' ಅಂತ ಹೇಳಲು ಟ್ರಿಮ್ಮರ್ ಒಳಗೆ 5.1 ಕಿಲೋಓಮ್‌ನ ಎರಡು ಪುಟ್ಟ ರೆಸಿಸ್ಟರ್ ಇರಬೇಕು. ಎಳ್ಳಿನ ಕಾಳಿಗಿಂತ ಚಿಕ್ಕವು, ಬೆಲೆ ಪೈಸೆಗಳಲ್ಲಿ. ಅದನ್ನೂ ಉಳಿಸಿದ ಕಂಪನಿ ಉಳಿದ ಕಡೆ ಏನೇನು ಉಳಿಸಿರಬಹುದು ಅಂತ ನೀವೇ ಊಹಿಸಿ. ಇದೊಂದರಿಂದಲೇ ಮಶೀನು ಕೆಟ್ಟದು ಅನ್ನೋಕೆ ಆಗುವುದಿಲ್ಲ, ಹಳೆಯ ಅಗಲ ತುದಿಯ ಕೇಬಲ್ಲಿನಿಂದ ಅದು ಚಾರ್ಜ್ ಆಗುತ್ತದೆ. ಆದರೆ ನಾನಾದರೆ ಅಲ್ಲಿಂದ ಮುಂದೆ ಅನುಮಾನದಿಂದಲೇ ನೋಡುತ್ತೇನೆ.

ಜೊತೆಗೆ ಅಡಾಪ್ಟರ್ ಬಂದಿದ್ದರೆ ಅದರ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇದೆಯಾ ನೋಡಿ. ಗುರುತಿನ ಹತ್ತಿರ 'ಆರ್' ಅಕ್ಷರ, ಅದರ ಮುಂದೆ ಎಂಟು ಅಂಕಿ ಇರುತ್ತವೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಅಂತ ಬರುತ್ತದೆ. ಅಡಾಪ್ಟರ್ ಬಂದಿಲ್ಲದಿದ್ದರೆ ಮನೆಯಲ್ಲಿರುವ 5 ವೋಲ್ಟ್, 1 ಆಂಪಿಯರಿನ ಹಳೆ ಮೊಬೈಲ್ ಚಾರ್ಜರ್ ಸಾಕು. 

ಈಗ ಬ್ಯಾಟರಿ. ಫುಲ್ ಚಾರ್ಜ್ ಮಾಡಿ, ಬ್ಲೇಡಿಗೆ ಡಬ್ಬಿಯಲ್ಲಿ ಬಂದ ಎಣ್ಣೆ ಒಂದು ಹನಿ ಹಾಕಿ, ಖಾಲಿ ಓಡಿಸಿ. ಒಂದೇ ಸಲ 90 ನಿಮಿಷ ಓಡಿಸಬೇಡಿ, ಬ್ಲೇಡು ಕಾಯುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ನಿಲ್ಲಿಸಿ, ಆರಿದ ಮೇಲೆ ಮತ್ತೆ ಓಡಿಸಿ. ಪೇಪರ್ ತಿದ್ದುವಾಗ ಪಕ್ಕದಲ್ಲಿ ಇಟ್ಟುಕೊಂಡರೆ ಆಯಿತು. ಒಟ್ಟು ನಿಮಿಷ ಕೂಡಿಸಿ. ನೆನಪಿರಲಿ, ಇದು ಖಾಲಿ ಓಡಿದ ಲೆಕ್ಕ. ದಾಡಿಯೊಳಗೆ ಮೋಟರಿಗೆ ಹೊರೆ ಬೀಳುತ್ತದೆ, ಅಲ್ಲಿ ಇದಕ್ಕಿಂತ ಕಡಿಮೆಯೇ ಬರುತ್ತದೆ. 90ರ ಜಾಗದಲ್ಲಿ 75 ಬಂದರೆ ನಾನು ಜಗಳ ಮಾಡುವುದಿಲ್ಲ. ನಿಮಗೆ ವಾರಕ್ಕೆ ಎರಡು ಸಲ, ಸಲಕ್ಕೆ ಏಳು ನಿಮಿಷ ಅಂದರೆ 14 ನಿಮಿಷ ಬೇಕು. ಒಂದು ತಾಸು ಓಡಿದರೂ ತಿಂಗಳು ನಡೆಯುತ್ತದೆ. 45 ನಿಮಿಷವೂ ಬಾರದಿದ್ದರೆ ಮಾತ್ರ ಯೋಚನೆ ಬೇಡ, ವಾಪಸ್ ಕಳಿಸಿ. ಹೊಸದರಲ್ಲೇ ಅರ್ಧ ಇಳಿದ ಸೆಲ್ಲು ಹಳೆಯದಾದ ಮೇಲೆ ಏರುವುದಿಲ್ಲ.

ಒಟ್ಟು ನಿಮಿಷಕ್ಕಿಂತ ಕೊನೆಯ ಹತ್ತು ನಿಮಿಷ ಮುಖ್ಯ. ಕಿವಿಗೊಟ್ಟು ಕೇಳಿ. ಒಳ್ಳೆಯ ಮಶೀನು ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಸ್ವರದಲ್ಲಿ ಓಡಿ ಒಮ್ಮೆಲೇ ನಿಲ್ಲುತ್ತದೆ. ಸೋವಿಯದು ಅರ್ಧ ದಾರಿಯಿಂದಲೇ ದನಿ ಇಳಿಸುತ್ತಾ ಹೋಗುತ್ತದೆ, ಸಂಜೆ ಹೊತ್ತಿಗೆ ದಣಿದ ಜೀರುಂಡೆ ಹಾಗೆ. ಈ ದನಿ ಇಳಿಯುವುದೇ ಕೂದಲು ಜಗ್ಗುವುದಕ್ಕೆ ಮೊದಲ ಕಾರಣ. ಬ್ಲೇಡು ಜೋರಾಗಿ ಓಡಿದರೆ ಕೂದಲು ತುಂಡಾಗುತ್ತದೆ. ಮೆಲ್ಲಗೆ ಓಡಿದರೆ ಕೂದಲು ಎರಡು ಹಲ್ಲುಗಳ ನಡುವೆ ಮಡಚಿಕೊಂಡು ಸಿಕ್ಕಿಬೀಳುತ್ತದೆ, ನೀವು ಕೈ ಮುಂದೆ ಎಳೆದಾಗ ಬುಡಸಹಿತ ಎದ್ದು ಬರುತ್ತದೆ. ಕಣ್ಣಲ್ಲಿ ನೀರು.

ಸಲೂನಿನಲ್ಲಿ ವೈರ್ ಇರುವ ದಪ್ಪ ಮಶೀನು ಜಗ್ಗುವುದು ಕಡಿಮೆ, ಗಮನಿಸಿದ್ದೀರಾ? ಅದರ ಒಳಗೆ ತಿರುಗುವ ಮೋಟರೇ ಇಲ್ಲ. ಒಂದು ಸುರುಳಿ, ಒಂದು ಕಬ್ಬಿಣದ ತೋಳು. ನಮ್ಮ 50 ಹರ್ಟ್ಜ್ ಕರೆಂಟು ಸೆಕೆಂಡಿಗೆ ನೂರು ಸಲ ಆ ತೋಳನ್ನು ಎಳೆಯುತ್ತದೆ, ಅಂದರೆ ನಿಮಿಷಕ್ಕೆ 6,000. ಬ್ಯಾಟರಿ ಇಳಿಯುವ ಮಾತೇ ಇಲ್ಲ. ಅಮೆರಿಕದಲ್ಲಿ ಲಿಯೋ ವಾಲ್ ಇಂಥ ಮಶೀನನ್ನು ತಂದಿದ್ದು 1919ರಲ್ಲಿ. ಇವತ್ತಿಗೂ ಅದರ ಹೊಟ್ಟೆಯೊಳಗೆ ದೊಡ್ಡ ಬದಲಾವಣೆ ಆಗಿಲ್ಲ, ನನ್ನಂಥವನಿಗೆ ಬಿಚ್ಚೋಕೆ ಬಹಳ ಇಷ್ಟವಾದ ಮಶೀನು. ಮನೆಗೆ ಮಾತ್ರ ಅದು ಭಾರ, ಗದ್ದಲ ಬೇರೆ.

ಬ್ಲೇಡಿಗೆ ಬರೋಣ. ಸ್ವಿಚ್ ಆಫ್ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ. ಒಂದರ ಮೇಲೊಂದು ಎರಡು ಸಾಲು ಹಲ್ಲು ಕಾಣುತ್ತವೆ. ಚರ್ಮಕ್ಕೆ ತಾಗುವುದು ಅಲುಗಾಡದ ಸಾಲು. ಅದರ ಮೇಲೆ ಓಡುವುದು ಇನ್ನೊಂದು. ಓಡುವ ಸಾಲಿನ ತುದಿ ನಿಂತ ಸಾಲಿನ ತುದಿಗಿಂತ ಒಂದೆರಡು ಕೂದಲೆಳೆಯಷ್ಟಾದರೂ ಹಿಂದೆ ಇರಬೇಕು, ಎಡದಿಂದ ಬಲದವರೆಗೂ ಅಷ್ಟೇ ಹಿಂದೆ. ಒಂದು ಮೂಲೆಯಲ್ಲಿ ಮುಂದೆ ಬಂದಿದ್ದರೆ ಆ ಮೂಲೆ ಚರ್ಮ ಕೊಯ್ಯುತ್ತದೆ.

ಇದನ್ನು ನಾನು ಕಲಿತದ್ದು ನನ್ನ ಕುತ್ತಿಗೆಯ ಮೇಲೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬ ಸಲೂನಿನವರ ಮಶೀನಿಗೆ ಸಾಣೆ ಹಿಡಿದು, ಇನ್ನೂ ಹತ್ತಿರದಿಂದ ಕತ್ತರಿಸಲಿ ಅಂತ ಎರಡೂ ಸಾಲನ್ನು ಸರಿಸಮ ಕೂಡಿಸಿದೆ. ಗಿರಾಕಿ ಎದುರಿಗೇ ಧಿಮಾಕಿನಿಂದ ನನ್ನ ಗದ್ದದ ಕೆಳಗೆ ಓಡಿಸಿ ತೋರಿಸಿದೆ. ಎರಡು ಗೆರೆ, ಸಣ್ಣಗೆ, ಕೆಂಪಗೆ. ಅವರು ಜೇಬಿನಿಂದ ಪಟಕದ ತುಂಡು ತೆಗೆದು ಕೊಟ್ಟು "ಮಶೀನ್ ಇರ್ಲಿ, ಮೊದ್ಲ ನಿಮ್ಮ ಕುತ್ತಿಗಿ ರಿಪೇರಿ ಮಾಡ್ಕೊಳ್ರಿ" ಅಂದರು. ಪಟಕ ಅಂದರೆ ಸಲೂನಿನ ಬಿಳಿ ಕಲ್ಲು, ರಕ್ತ ನಿಲ್ಲಿಸಲು ತಿಕ್ಕುತ್ತಾರಲ್ಲ, ಅದೇ.

ಟೈಟಾನಿಯಂ ಅನ್ನುವ ಮಾತಿಗೆ ಮರುಳಾಗಬೇಡಿ. ಬ್ಲೇಡು ಉಕ್ಕಿನದೇ. ಮೇಲೆ ಬಂಗಾರದ ಬಣ್ಣದ ತೆಳು ಲೇಪ ಇರುತ್ತದೆ. ತುಕ್ಕಿಗೆ ಸ್ವಲ್ಪ ತಡೆ, ನೋಡೋಕೆ ಚಂದ. ಹರಿತಕ್ಕೂ ಅದಕ್ಕೂ ಅಂಥ ಸಂಬಂಧವಿಲ್ಲ. 'ತಾನೇ ಸಾಣೆ ಹಿಡಿದುಕೊಳ್ಳುವ ಬ್ಲೇಡು' ಅಂತಲೂ ಬರೆದಿರುತ್ತಾರೆ. ಎರಡು ಸಾಲೂ ಒಂದಕ್ಕೊಂದು ಉಜ್ಜಿಕೊಂಡು ಅಂಚು ಉಳಿಸಿಕೊಳ್ಳುತ್ತವೆ ಅಂತ ಅದರ ಅರ್ಥ. ಸುಳ್ಳಲ್ಲ. ನಡುವೆ ತುಕ್ಕು, ಮಣ್ಣು ಇಲ್ಲದಿದ್ದರೆ ಮತ್ತು ಎಣ್ಣೆ ಇದ್ದರೆ ಮಾತ್ರ.

40 ಅಳತೆಯ ಗುಟ್ಟು ಇನ್ನೂ ಸರಳ. ಅರ್ಧ ಮಿಲಿಮೀಟರಿಗೆ ಒಂದರಂತೆ 20 ಮಿಲಿಮೀಟರ್‌ವರೆಗೆ ಎಣಿಸಿದರೆ 40 ಆಗುತ್ತದೆ. ನಿಮಗೆ ಎಷ್ಟು ಬೇಕು? ದಾಡಿ ದಿನಕ್ಕೆ ಸುಮಾರು 0.3ರಿಂದ 0.4 ಮಿಲಿಮೀಟರ್ ಬೆಳೆಯುತ್ತದೆ. ಹತ್ತು ದಿನ ಬಿಟ್ಟರೆ ಮೂರ್ನಾಲ್ಕು ಮಿಲಿಮೀಟರ್. ಶಾಲೆಗೆ ಹೋಗುವವರಿಗೆ 1ರಿಂದ 5ರೊಳಗಿನ ಅಳತೆಗಳು ಸರಿಯಿದ್ದರೆ ಸಾಕು. ಉಳಿದವು ಡಬ್ಬಿಯ ಮೇಲಿನ ಅಲಂಕಾರ.

ಆ 1ರಿಂದ 5 ನಿಜವಾಗಿಯೂ ಸರಿ ಇವೆಯಾ ಅಂತ ನೋಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಜನ ಬ್ಲೇಡು ನೋಡುತ್ತಾರೆ, ಬ್ಯಾಟರಿ ಕೇಳುತ್ತಾರೆ, ಹಣಿಗೆಯನ್ನು, ಅಂದರೆ ಕೂದಲು ಎಷ್ಟು ಉದ್ದ ಉಳಿಯಬೇಕು ಅಂತ ಬ್ಲೇಡಿನ ಮೇಲೆ ಕೂಡಿಸುವ ಪ್ಲಾಸ್ಟಿಕ್ ಬಾಚಣಿಗೆಯನ್ನು, ಯಾರೂ ಮುಟ್ಟಿ ನೋಡುವುದಿಲ್ಲ. ನಿಮ್ಮ ಹತ್ತಿರ ಹೇಗೂ ಜಾಮಿಟ್ರಿ ಬಾಕ್ಸ್ ಇರುತ್ತದೆ. ಹಣಿಗೆಯನ್ನು 10ಕ್ಕೆ ಇಟ್ಟು, ಅದು ಕೆನ್ನೆಗೆ ತಾಗುವ ಮೈಯಿಂದ ಬ್ಲೇಡಿನ ಹಲ್ಲಿನವರೆಗೆ ಸ್ಕೇಲಿನಲ್ಲಿ ಅಳೆಯಿರಿ. ಸುಮಾರು ಒಂದು ಸೆಂಟಿಮೀಟರ್ ಬರಬೇಕು. ಕೆಲವು ಮಶೀನಿನಲ್ಲಿ ಅಂಕಿ ಅಂದರೆ ಬರೀ ನಂಬರು, ಮಿಲಿಮೀಟರ್ ಅಲ್ಲ, ಅದನ್ನು ಪುಸ್ತಿಕೆಯಲ್ಲಿ ನೋಡಿಕೊಳ್ಳಿ. ಈಗ ಹಣಿಗೆಯನ್ನು 3ಕ್ಕೆ ತನ್ನಿ. ಹೆಬ್ಬೆರಳಿನಿಂದ ಅದರ ತುದಿಯನ್ನು, ಕೆನ್ನೆಗೆ ಒತ್ತುವಷ್ಟೇ ಬಲದಲ್ಲಿ ಒತ್ತಿ. ಒಳಗೆ ಕುಸಿಯುತ್ತದಾ? 'ಟಕ್' ಅಂತ ಒಂದು ಮನೆ ಕೆಳಗೆ ಜಾರುತ್ತದಾ? ಎಡ ಮೂಲೆ, ಬಲ ಮೂಲೆ ಬೇರೆ ಬೇರೆ ಒತ್ತಿ ನೋಡಿ. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸಡಿಲ ಇದ್ದರೆ ನಿಮ್ಮ ಒಂದು ಕೆನ್ನೆಯಲ್ಲಿ 3, ಇನ್ನೊಂದು ಕೆನ್ನೆಯಲ್ಲಿ 2 ಉಳಿಯುತ್ತದೆ. ಮಾರನೇ ದಿನ ಒಂಬತ್ತನೇ ತರಗತಿಯ ಹುಡುಗರು ಅದನ್ನು ನಿಮಗಿಂತ ಮೊದಲು ನೋಡುತ್ತಾರೆ. ಹಣಿಗೆ ಸಡಿಲ ಇದ್ದರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ನಾನು ಇಟ್ಟುಕೊಳ್ಳುವುದಿಲ್ಲ. ಸೆಲ್ಲು ಬದಲಿಸಬಹುದು, ಬ್ಲೇಡು ಬದಲಿಸಬಹುದು. ಸವೆದ ಪ್ಲಾಸ್ಟಿಕ್ ಹಲ್ಲಿಗೆ ಔಷಧಿ ಇಲ್ಲ.

ಇಷ್ಟೂ ಪಾಸಾದರೆ ಆಮೇಲೆ ಕೂದಲು. ಅದೂ ನಿಮ್ಮದಲ್ಲ. ನೀವು ಕಟಿಂಗ್ ಮಾಡಿಸುವ ಸಲೂನಿನಿಂದ ಎರಡು ಬೆರಳಗಲ ಉದ್ದದ ಒಂದು ಹಿಡಿ ಕೂದಲು ಕೇಳಿ ತನ್ನಿ. ಸುಮ್ನೆ ನಕ್ಕು ಕೊಡುತ್ತಾರೆ. ಸೋಪಿನಲ್ಲಿ ತೊಳೆದು ಒಣಗಿಸಿ. ಹಳೆಯ ಲಗ್ನಪತ್ರಿಕೆಯ ಗಟ್ಟಿ ಕಾಗದದ ಅಂಚಿಗೆ ಕೂದಲನ್ನು ತೆಳ್ಳಗೆ, ಒಂದೇ ಸಮ ಹರಡಿ, ಒಂದು ತುದಿಗೆ ಟೇಪ್ ಹಚ್ಚಿ. ಪುಟ್ಟ ಕಸಬರಿಗೆ ಹಾಗೆ ಕಾಣಬೇಕು. ಈಗ ಹಣಿಗೆ ತೆಗೆದು, ಟ್ರಿಮ್ಮರನ್ನು ಅದರ ಅಡ್ಡಕ್ಕೆ ಒಮ್ಮೆ ಸರಿಸಿ. ಕಾಗದವನ್ನು ಬೆಳಕಿಗೆ ಹಿಡಿದರೆ ಕತೆ ಗೊತ್ತಾಗುತ್ತದೆ. ಕತ್ತರಿಸಿದ ಗೆರೆ ನೇರ ಇದ್ದರೆ ಬ್ಲೇಡು ಸರಿ ಇದೆ. ನಡುನಡುವೆ ಒಂದೆರಡು ಎಳೆ ಉಳಿದಿದ್ದರೆ ಇನ್ನೊಂದು ಸಲ ಓಡಿಸಿ. ಪ್ರತಿ ಸಲವೂ ಬ್ಲೇಡಿನ ಅದೇ ಜಾಗದಲ್ಲಿ ಎಳೆ ಉಳಿದರೆ ಅಲ್ಲಿನ ಹಲ್ಲು ಕೆಟ್ಟಿದೆ. ಇದೇ ಪರೀಕ್ಷೆಯನ್ನು ಬ್ಯಾಟರಿ ಮುಗಿಯಲು ಬಂದಾಗ ಮತ್ತೊಮ್ಮೆ ಮಾಡಿ. ಆಗಲೂ ಗೆರೆ ನೇರ ಬಂದರೆ ನಿಮಗೆ ಒಳ್ಳೆಯ ಮಾಲೇ ಸಿಕ್ಕಿದೆ. ಮುಗಿದ ಮೇಲೆ ಬ್ರಶ್ಶಿನಿಂದ ಒಂದು ಚೂರೂ ಕೂದಲು ಉಳಿಯದಂತೆ ಝಾಡಿಸಿ.

ಐಪಿಎಕ್ಸ್7 ಪರೀಕ್ಷೆ ಮಾಡಲು ಹೋಗಬೇಡಿ. ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ಇಟ್ಟರೂ ಕೆಡಬಾರದು ಅನ್ನುವುದು ಅದರ ಅರ್ಥ. ಅದೂ ಬರೀ ನೀರು, ಸೋಪಿನ ನೀರು, ಬಿಸಿನೀರು ಅಲ್ಲ. ಮನೆಯಲ್ಲಿ ಬಕೆಟ್ಟಿನಲ್ಲಿ ಮುಳುಗಿಸಿ ಕೆಟ್ಟರೆ ಯಾರೂ ಒಪ್ಪುವುದಿಲ್ಲ. ಇನ್ನು ಬರೀ 'ವಾಷೆಬಲ್' ಅಂತಷ್ಟೇ ಇದ್ದರೆ ಸಾಮಾನ್ಯವಾಗಿ ಬಿಚ್ಚಿ ತೆಗೆಯುವ ತಲೆಭಾಗವನ್ನು ಮಾತ್ರ ತೊಳೆಯಬಹುದು ಅಂತ. ಇಡೀ ಮಶೀನನ್ನು ನಲ್ಲಿ ಕೆಳಗೆ ಹಿಡಿದು ಕೆಡಿಸಿಕೊಂಡು ಬಂದವರನ್ನು ಬಹಳ ನೋಡಿದ್ದೇನೆ.

ನಿಮ್ಮ ಪಕ್ಕದ ಮನೆಯವರ ಟ್ರಿಮ್ಮರ್ ವಿಷಯ. ಎರಡು ತಿಂಗಳಿಗೆ ಬ್ಲೇಡು ಮೊಂಡಾಗುವುದು ಅಪರೂಪ. ನನ್ನ ಮೇಜಿಗೆ 'ಜಗ್ಗತೈತ್ರಿ' ಅಂತ ಬರುವ ಮಶೀನುಗಳಲ್ಲಿ ಅರ್ಧಕ್ಕರ್ಧ ಮೊಂಡಾಗಿರುವುದಿಲ್ಲ, ಒಣಗಿರುತ್ತವೆ. ಬಿಚ್ಚಿದರೆ ಎರಡು ಸಾಲಿನ ನಡುವೆ ಕೂದಲ ಪುಡಿ, ಚರ್ಮದ ಹೊಟ್ಟು, ಎಣ್ಣೆ ಎಲ್ಲ ಸೇರಿ ಬೂದು ಬಣ್ಣದ ಮೇಣ ಕೂತಿರುತ್ತದೆ. ಆ ಎಣ್ಣೆ ಬಹಳ ಸಲ ಕೊಬ್ಬರಿ ಎಣ್ಣೆ! ಮನೆಯಲ್ಲಿ ಇರುತ್ತದೆ, ಹಾಕುತ್ತಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್‌ನಲ್ಲಿ ಧಾರವಾಡದ ಕಡೆ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸುತ್ತೀವಲ್ಲ, ಅದೇ ಎಣ್ಣೆ ಬ್ಲೇಡಿನ ನಡುವೆಯೂ ಹಾಗೇ ಹೆಪ್ಪುಗಟ್ಟುತ್ತದೆ. ಮೋಟರ್ ಒದ್ದಾಡುತ್ತದೆ. ಹೊಲಿಗೆ ಮಶೀನಿನ ಎಣ್ಣೆ ತನ್ನಿ, ಸಣ್ಣ ಶೀಶೆ ವರ್ಷಗಟ್ಟಲೆ ಬರುತ್ತದೆ. ಎರಡು ಮೂಲೆಗೆ ಒಂದೊಂದು ಹನಿ, ನಡುವೆ ಒಂದು, ಹತ್ತು ಸೆಕೆಂಡು ಓಡಿಸಿ, ಹೆಚ್ಚಿದ್ದನ್ನು ಬಟ್ಟೆಯಿಂದ ಒರೆಸಿ. ತಿಂಗಳಿಗೆ ಎರಡು ಸಲ ಸಾಕು. ನೀರಿನಲ್ಲಿ ತೊಳೆದರೆ ಪ್ರತಿ ಸಲ ಒಣಗಿಸಿ ಹಾಕಬೇಕು. ಬೋರ್‌ವೆಲ್ಲಿನ ಸವಳು ನೀರಾದರೆ ತೊಳೆಯಲೇಬೇಡಿ, ಒಣ ಬ್ರಶ್ಶೇ ವಾಸಿ. ಕೊಡದ ತಳದಲ್ಲಿ ಕೂರುವ ಬಿಳಿ ಉಪ್ಪು ಹಲ್ಲುಗಳ ನಡುವೆಯೂ ಕೂರುತ್ತದೆ.

ಮತ್ತೊಂದು ಕಾರಣ ಶ್ರಾವಣ. ನಮ್ಮ ಕಡೆ ಆ ತಿಂಗಳು ದಾಡಿ ಮುಟ್ಟದವರು ಬಹಳ. ತಿಂಗಳ ದಾಡಿ ಅಂದರೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್. ಅಮಾವಾಸ್ಯೆ ಕಳೆದ ಮರುದಿನ ಅದರೊಳಗೆ ಟ್ರಿಮ್ಮರನ್ನು ಸೀದಾ 1ಕ್ಕೆ ಇಟ್ಟು ನುಗ್ಗಿಸುತ್ತಾರೆ. ಆ ವಾರ ನನ್ನ ಮೇಜಿನ ಮೇಲೆ ಜಾಗ ಇರುವುದಿಲ್ಲ. ಒಳಗೆ ಮೋಟರಿನ ತಿರುಗುವಿಕೆಯನ್ನು ಬ್ಲೇಡಿನ ಅಡ್ಡ ಓಟಕ್ಕೆ ತಿರುಗಿಸುವ ಒಂದು ಬಿಳಿ ನೈಲಾನ್ ತುಂಡು ಇರುತ್ತದೆ, ಅವರೆಕಾಳಿನಷ್ಟು. ಬ್ಲೇಡು ಸಿಕ್ಕಿಬಿದ್ದು ಮೋಟರ್ ತಿರುಗುತ್ತಲೇ ಇದ್ದರೆ ಅದೇ ಮೊದಲು ಸವೆಯುವುದು. ಆಮೇಲೆ ಮಶೀನು ಕಟಕಟ ಸದ್ದು ಮಾಡುತ್ತದೆ. ಉದ್ದ ದಾಡಿಯನ್ನು ಮೊದಲು ಕತ್ತರಿಯಿಂದ ಇಳಿಸಿ, ಆಮೇಲೆ 6, ಆಮೇಲೆ 3. ಕೂದಲು ಒಣಗಿರಲಿ, ಕೂದಲು ಬೆಳೆದ ದಿಕ್ಕಿಗೆ ಎದುರಾಗಿ, ಮೆಲ್ಲಗೆ.

ಬ್ಯಾಟರಿಗೂ ಒಂದು ಮಾತು. ಒಂದೆರಡು ತಾಸಿಗೆ ಚಾರ್ಜ್ ಆಗುವುದಾದರೆ ಒಳಗಿರುವುದು ಲಿಥಿಯಂ ಸೆಲ್ಲು. ಅದನ್ನು ಪೂರ್ತಿ ಖಾಲಿ ಮಾಡಿ ಡ್ರಾಯರಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಮತ್ತೆ ಚಾರ್ಜೇ ಹಿಡಿಯದಿರಬಹುದು. ಖಾಲಿಯಾದ ದಿನವೇ ಸ್ವಲ್ಪ ತುಂಬಿಸಿ ಇಡಿ. ಎಂಟು ತಾಸು ಹಿಡಿಯುವುದಾದರೆ ನಿಕಲ್ ಸೆಲ್ಲು, ಅದನ್ನು ರಾತ್ರಿಯಿಡೀ ಹಾಕಿ ಮರೆಯಬೇಡಿ.

ಈಗ ಅಪ್ಪ ಅವರ ವಿಷಯ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ ಬ್ಲೇಡು, ವಸ್ತರಕ್ಕಿಂತ ಟ್ರಿಮ್ಮರ್ ಒಳ್ಳೆಯದು, ಗಾಯ ಆಗುವುದು ಕಡಿಮೆ. ಆದರೆ ಅವರಿಗೆ ಒಂದು ವಿಷಯ ಮೊದಲೇ ಹೇಳಿ: ಹಣಿಗೆ ಇಲ್ಲದೆ ಓಡಿಸಿದರೂ ಸುಮಾರು ಅರ್ಧ ಮಿಲಿಮೀಟರ್ ಕೂದಲು ಉಳಿಯುತ್ತದೆ. ವರ್ಷಗಟ್ಟಲೆ ನುಣ್ಣಗೆ ಬೋಳಿಸಿಕೊಂಡ ಹಿರಿಯರು ಕೆನ್ನೆ ಸವರಿ "ಏನೂ ಹೋಗೇ ಇಲ್ಲಲ್ಲೋ" ಅಂತಾರೆ, ಜೋರಾಗಿ ಒತ್ತುತ್ತಾರೆ. ಗಾಯ ಆಗುವುದು ಆಗಲೇ. ವಯಸ್ಸಾದ ಚರ್ಮ ಸಡಿಲ ಇರುತ್ತದೆ, ಹಲ್ಲುಗಳ ನಡುವೆ ಮಡಿಕೆ ಸಿಗುತ್ತದೆ. ಒಂದು ಕೈಯಿಂದ ಚರ್ಮವನ್ನು ಎಳೆದು ಹಿಡಿದು, ಇನ್ನೊಂದು ಕೈಯಿಂದ ನೀವೇ ಮಾಡಿ. ಗಂಟಲಿನ ಉಬ್ಬಿನ ಮೇಲೆ 1ರ ಹಣಿಗೆ ಹಾಕಿಯೇ ಮಾಡಿ, ಅಲ್ಲಿ ಹಟ ಬೇಡ. ನುಣ್ಣಗೇ ಬೇಕು ಅಂತ ಹಟ ಹಿಡಿದರೆ ಅದಕ್ಕೆ ತೆಳು ಜಾಲರಿ ಇರುವ ಶೇವರ್ ಬೇರೆ ಬರುತ್ತದೆ, ಟ್ರಿಮ್ಮರ್‌ನಿಂದ ಅದು ಆಗುವುದಿಲ್ಲ.

ಒಂದೇ ಮಶೀನು ಇಬ್ಬರಿಗೆ ಬೇಡ ಅನ್ನುತ್ತೇನೆ. ಗಜಕರ್ಣ ಹೀಗೇ ದಾಟುತ್ತದೆ. ಸಣ್ಣ ಗಾಯದ ರಕ್ತದಿಂದ ಹೆಪಟೈಟಿಸ್ ಬಿ ಕೂಡ ಹರಡಬಹುದು. ಮನೆಯವರೇ ಅಲ್ವಾ ಅಂತ ಸದರ ಬೇಡ. ತಲೆಭಾಗ ಬಿಚ್ಚುವ ಮಾದರಿಯಾದರೆ ಇನ್ನೊಂದು ತಲೆಭಾಗ ಕೊಂಡು ಅಪ್ಪ ಅವರಿಗೆ ಬೇರೆ ಇಡಿ, ಹಣಿಗೆಯೂ ಬೇರೆ. ಅದು ಸಿಗದಿದ್ದರೆ ಅವರಿಗೆ ಇನ್ನೊಂದು ಸಾದಾ ಮಶೀನೇ ತನ್ನಿ, 40 ಅಳತೆ ಅವರಿಗೆ ಬೇಕಿಲ್ಲ.

ಕೊಂಡ ಪುಟದಲ್ಲಿ ಈ ಮಾದರಿಯ ಬಿಡಿ ತಲೆಭಾಗ ಮಾರಾಟಕ್ಕಿದೆಯಾ ಅಂತ ಇವತ್ತೇ ಹುಡುಕಿ. ಹಾಗೇ ಮಶೀನನ್ನು ತಿರುಗಿಸಿ ಸ್ಕ್ರೂ ಕಾಣುತ್ತದಾ ನೋಡಿ. ಎರಡು ಸ್ಕ್ರೂ ಇದ್ದರೆ ನಾಳೆ ಸೆಲ್ಲು ಸತ್ತಾಗ ನನ್ನಂಥವರು ಬದಲಿಸಿ ಕೊಡುತ್ತಾರೆ. ಅಂಟು ಹಾಕಿ ಮುಚ್ಚಿದ್ದರೆ ಬಿಚ್ಚುವಾಗಲೇ ಒಡೆಯುತ್ತದೆ. ಬಿಡಿ ಭಾಗವೂ ಇಲ್ಲ, ಸ್ಕ್ರೂವೂ ಇಲ್ಲ ಅಂದರೆ ಅದು ಎರಡು ವರ್ಷದ ಮಾಲು ಅಂತ ತಿಳಿದು ಬೆಲೆ ಲೆಕ್ಕ ಹಾಕಿ.

ತೀರ್ಮಾನವನ್ನು ಐದನೇ ದಿನಕ್ಕೇ ಮಾಡಿ, ಏಳನೇ ದಿನದ ಸಂಜೆಗೆ ಬಿಡಬೇಡಿ. ದೋಷ ಕಂಡರೆ ಮೊಬೈಲಿನಲ್ಲಿ ಒಂದು ವಿಡಿಯೋ ತೆಗೆದಿಡಿ. ಹಣಿಗೆ ಕುಸಿಯುವುದು, ಗೆರೆ ಸೊಟ್ಟ ಬಂದ ಲಗ್ನಪತ್ರಿಕೆ, ಗಡಿಯಾರದ ಜೊತೆ ನಿಂತ ಮಶೀನು. ಮಾರಿದವರು ಕಿವಿಗೆ ಹಾಕಿಕೊಳ್ಳದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಡಬ್ಬಿ, ಒಳಗಿನ ಪ್ಲಾಸ್ಟಿಕ್ ತಟ್ಟೆ, ಬಿಲ್ಲು, ಎಣ್ಣೆಯ ಪುಟ್ಟ ಶೀಶೆ ಎಲ್ಲ ಅಲ್ಲಿಯವರೆಗೆ ಕಪಾಟಿನ ಮೇಲೆ ಇರಲಿ. ರದ್ದಿಯವರು ಬಂದಾಗ ಮನೆಯವರು ಹಾಕಿಬಿಡುತ್ತಾರೆ, ಅವರಿಗೂ ಹೇಳಿಡಿ.